ಎರಡು ವಾಟಗ ಅಕ್ಕಿ

ನೆಹರು ನಗರ, ಬೆಳಗಾವಿ
18-6-2000

ರೂಪಾಲಿಯ ಅಪ್ಪನವರಿಗೆ ಮಾಯಾಳ ನಮಸ್ಕಾರ.

ಸುಖವಾಗಿ ತಲುಪಿದ್ದೇನೆ. ಒಂದು ವರ್ಷದ ತರಬೇತಿ ಸೋಮವಾರದಿಂದಲೇ ಶುರುವಾಯಿತು. ಹಾಸ್ಟೆಲಿನಲ್ಲಿ ನನಗೆ ಕಿಟಕಿಯ ಬಾಜುವಿನ ಮಂಚ ಸಿಕ್ಕಿದೆ. ಜೊತೆಗಿರುವವಳು ನಾಗರತ್ನಾ, ಬೈಲಹೊಂಗಲದ ಕಡೆಯ ಹುಡುಗಿ. ಈಗಷ್ಟೇ ಕಾಲೇಜು ಬಿಟ್ಟವಳು. ಈ ವಯಸ್ಸಿನಲ್ಲಿ ನರ್ಸ್ ಆಗಲು ಬಂದ ನನ್ನನ್ನು ನೋಡಿ ನಗುತ್ತಾಳೇನೋ ಎಂದುಕೊಂಡಿದ್ದೆ. ನಗಲಿಲ್ಲ. ಮೊದಲ ದಿನವೇ ‘ಮಾಯಕ್ಕ’ ಎಂದಳು.

ಭಾನುವಾರ ಮಧ್ಯಾಹ್ನವೊಂದೇ ನಮಗೆ ಬಿಡುವು. ಅಷ್ಟರಲ್ಲಿ ಖಾನಾಪುರಕ್ಕೆ ಬಂದು ಹೋಗಲಾಗದು. ಅಲ್ಲದೆ ಬಸ್ಸಿನ ಚಾರ್ಜಿಗಿಂತ ಇನ್‌ಲ್ಯಾಂಡ್ ಪತ್ರವೇ ಅಗ್ಗ. ಹಾಗಾಗಿ ಬರೆಯುತ್ತಿರುತ್ತೇನೆ.

ಮನೆಯ ಖರ್ಚು ಇನ್ನು ನಿಮ್ಮ ಕೈಯಲ್ಲಿ. ಪಗಾರ ಬಂದ ದಿನವೇ ಜೋಳ, ಅಕ್ಕಿ, ಬೇಳೆ ತಂದುಬಿಡಿ. ನಾಳೆ ಎಂದರೆ ಆ ನಾಳೆಯೊಳಗೆ ದುಡ್ಡು ಬೇರೆ ದಾರಿ ಹಿಡಿಯುತ್ತದೆ. ಚಿಮಣಿ ಎಣ್ಣೆಯನ್ನು ರೇಷನ್ ಅಂಗಡಿಯಲ್ಲಿ ತಿಂಗಳ ಮೊದಲ ವಾರ ಮಾತ್ರ ಕೊಡುತ್ತಾರೆ, ಮರೆಯಬೇಡಿ. ಬೆಳಿಗ್ಗೆಗೆ ರೊಟ್ಟಿ ಅತ್ತೆಯವರು ತಟ್ಟುತ್ತಾರೆ. ರಾತ್ರಿಯ ಊಟಕ್ಕೆ ಅಕ್ಕಿ ಅಳೆಯುವ ಹಿತ್ತಾಳೆಯ ವಾಟಗದಲ್ಲಿ ಎರಡು ವಾಟಗ ಅಕ್ಕಿ ಹಾಕಿ. ನಾನಿದ್ದಾಗಲೂ ಅಷ್ಟೇ ಹಾಕುತ್ತಿದ್ದೆ. ರೂಪಾಲಿಗೆ ಹೊಸ ಯೂನಿಫಾರ್ಮ್ ಬೇಡ, ಹಳೆಯದರ ಅಂಚು ಬಿಚ್ಚಿ ಉದ್ದ ಮಾಡಿಟ್ಟಿದ್ದೇನೆ.

ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಒಳಗಿಟ್ಟು ಇಳಿದು ಹೊರಟುಬಿಟ್ಟಿರಿ. ಬಸ್ಸು ತಿರುಗುವವರೆಗೂ ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ.

ಮಾಯಾ


ಖಾನಾಪುರ
4-7-2000

ಮಾಯಾಗೆ,

ನಿನ್ನ ಪತ್ರ ಓದಿ ಹೇಳಿದೆ. ಅವ್ವ ಕೇಳಿ, ‘ಇದೇನ್ ಪತ್ರ ಐತೋ, ಕಾರ್ಖಾನಿ ನೋಟೀಸ್ ಐತೋ?’ ಎಂದಳು. ರೂಪಾಲಿ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ.

ಮಳೆ ಹಿಡಿದಿದೆ. ಹಸಿ ಹಂಚು ಒಣಗುತ್ತಿಲ್ಲ, ಆದ್ದರಿಂದ ಕಾರ್ಖಾನೆಯಲ್ಲಿ ಅರ್ಧ ಜನಕ್ಕೆ ಅರ್ಧ ಕೆಲಸ. ಪ್ರತಿ ವರ್ಷವೂ ಹೀಗೆಯೇ ಇರುತ್ತಿತ್ತು. ಆದರೂ ಪ್ರತಿ ವರ್ಷ ಮಳೆಗಾಲ ಹೇಗೋ ದಾಟುತ್ತಿತ್ತು. ದೇವರು ದಾಟಿಸುತ್ತಾನೆ ಎಂದುಕೊಂಡಿದ್ದೆ. ಚಿಮಣಿ ಎಣ್ಣೆ ಆಗಲೇ ಮುಗಿದಿದೆ.

ಒಂದು ಮಾತು ಕೇಳಬೇಕು. ಹನ್ನೆರಡು ವರ್ಷ ಒಂದೇ ಮಾಡಿನ ಕೆಳಗೆ ಇದ್ದೇವೆ. ನಿನಗೆ ನರ್ಸ್ ಆಗುವ ಆಸೆ ಇತ್ತು ಎನ್ನುವುದು ನನಗೆ ಗೊತ್ತಾದದ್ದು ನೀನು ಬೆಳಗಾವಿಯಲ್ಲಿ ಫೀಸು ಕಟ್ಟಿ ಬಂದ ಸಂಜೆ. ಮೊದಲೇ ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ? ನೀನು ಹೋದದ್ದಕ್ಕೆ ನನಗೆ ಬೇಸರವಿಲ್ಲ. ನಮ್ಮದೇ ಮನೆಯೊಳಗೆ, ನನಗೆ ಸುಳಿವೇ ಇಲ್ಲದ ಹಾಗೆ ಅಷ್ಟು ದುಡ್ಡು ಬೆಳೆಯಿತಲ್ಲ, ಅದು ನುಂಗಲಾರದ ತುತ್ತಾಗಿದೆ. ಎಲ್ಲಿಂದ ಬಂತು? ಜಾಂಬೋಟಿಯಿಂದ ನಿನ್ನ ಅಣ್ಣ ಕೊಟ್ಟನೇ? ಕೊಟ್ಟಿದ್ದರೆ ಹೇಳಿಬಿಡು.

ಬಸ್ ಸ್ಟ್ಯಾಂಡಿನಲ್ಲಿ ನಾನು ತಿರುಗಿ ನೋಡಲಿಲ್ಲ, ನಿಜ. ನೋಡಿದ್ದರೆ ನೀನೂ ನನ್ನ ಮುಖ ನೋಡುತ್ತಿದ್ದೆ.

ಗಜಾನನ


ನೆಹರು ನಗರ, ಬೆಳಗಾವಿ
16-7-2000

ರೂಪಾಲಿಯ ಅಪ್ಪನವರಿಗೆ,

ಹಸಿ ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಒಂದು ದಿನದ ಬೆಂಕಿ ಮರುದಿನದ ಕಟ್ಟಿಗೆಯನ್ನು ಒಣಗಿಸುತ್ತದೆ. ಆಗ ಒಲೆ ಹೊತ್ತಿಸಲು ಚಿಮಣಿ ಎಣ್ಣೆ ಸುರಿಯಬೇಕಾಗುವುದಿಲ್ಲ. ಉಳ್ಳಾಗಡ್ಡಿ ದುಬಾರಿಯಾಗುವ ಮೊದಲು ಒಂದು ಚೀಲ ತಂದು ಹರವಿಡಿ.

ಇಲ್ಲಿ ದಿನಗಳು ನನ್ನವು ಅನ್ನಿಸುವುದೇ ಇಲ್ಲ, ಯಾರದೋ ಕನಸಿನೊಳಗೆ ಹೊಕ್ಕು ಓಡಾಡಿದ ಹಾಗಿದೆ. ಎಲ್ಲ ಬಿಳಿ: ಗೋಡೆ, ಹಾಸಿಗೆ, ನಮ್ಮ ಸೀರೆ, ಬೆಳಿಗ್ಗೆ ಕಿಟಕಿಯ ಹೊರಗಿನ ಮಂಜು. ನನ್ನ ವಾರ್ಡಿನಲ್ಲಿ ಹಲಸಿಯ ಒಬ್ಬ ಅಜ್ಜ ಇದ್ದಾನೆ. ಜ್ವರದಲ್ಲಿ ಅವನಿಗೆ ಇದು ಆಸ್ಪತ್ರೆ ಅನ್ನಿಸುವುದಿಲ್ಲ, ಊರಿನ ನರಸಿಂಹನ ಗುಡಿಯ ಅಂಗಳ ಅನ್ನಿಸುತ್ತದೆ. ‘ತಂಗಿ, ಗಂಟಿ ಬಾರಿಸಿದ್ರೇನು?’ ಎಂದು ಕೇಳುತ್ತಾನೆ. ‘ಬಾರಿಸಿದ್ರು ಅಜ್ಜಾ, ಪೂಜಿ ಆತು’ ಎನ್ನುತ್ತೇನೆ. ಆಮೇಲೆ ಗುಳಿಗೆ ನುಂಗುತ್ತಾನೆ. ಸುಳ್ಳು ಹೇಳಿದೆ ಅಂತ ಸಿಸ್ಟರ್ ಬೈಯಲಿಲ್ಲ.

ಮೊನ್ನೆ ಒಂದು ಕನಸು ಬಿತ್ತು. ನಮ್ಮ ಮನೆ ಹಂಚಿನ ಸಮೇತ ಎದ್ದು, ಡಾಂಬರು ರಸ್ತೆಯ ಮೇಲೆ ಎಮ್ಮೆಯ ಹಾಗೆ ನಿಧಾನವಾಗಿ ನಡೆದು ಬೆಳಗಾವಿಗೆ ಬಂದಿತ್ತು. ಅತ್ತೆಯವರು ಬಾಗಿಲಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ಅದನ್ನು ಒಳಗೆ ಬಿಡಲಿಲ್ಲ. ಎಚ್ಚರಾದ ಮೇಲೂ ಬಹಳ ಹೊತ್ತು ಅದು ಹೊರಗೆ ಮಳೆಯಲ್ಲಿ ನೆನೆಯುತ್ತ ನಿಂತಿದೆ ಅನ್ನಿಸುತ್ತಿತ್ತು.

ನಿಮ್ಮ ಪ್ರಶ್ನೆಗೆ ಈಗ ಉತ್ತರ ಬರೆಯುವುದಿಲ್ಲ. ಅಣ್ಣ ಕೊಟ್ಟದ್ದಲ್ಲ, ಸಾಲವೂ ಅಲ್ಲ. ಅಷ್ಟು ನಂಬಿರಿ.

ಮಾಯಾ


ಖಾನಾಪುರ
8-8-2000

ಮಾಯಾಗೆ,

ಕಟ್ಟಿಗೆ ಅಟ್ಟಕ್ಕೇರಿದೆ. ಉಳ್ಳಾಗಡ್ಡಿ ತರುವಷ್ಟರಲ್ಲಿ ದುಬಾರಿಯಾಗಿಬಿಟ್ಟಿತ್ತು.

ನನ್ನ ಸಂಸಾರ ನಡೆಸುವ ಚಂದ ಕೇಳು. ಪಗಾರದ ದಿನ ಜೋಳ ತರಲೆಂದೇ ಹೊರಟೆ. ದಾರಿಯಲ್ಲಿ ಮಾಯಪ್ಪ ಸಿಕ್ಕ, ಚಹಾ ಕುಡಿದೆವು. ಕಟ್ಟೆಯ ಮೇಲೆ ಇನ್ನೂ ಮೂವರು ಇದ್ದರು, ಅವರನ್ನು ಬಿಟ್ಟು ಕುಡಿಯಲು ಆಗುತ್ತದೆಯೇ? ಆಮೇಲೆ ತಾಜಾ ಬಾಂಗಡೆ ಮೀನು ಬಂದಿತ್ತು. ರೂಪಾಲಿಗೆ ಇಷ್ಟವೆಂದು ತಂದೆ. ಶನಿವಾರವಾದ್ದರಿಂದ ಲಾಟರಿ ಟಿಕೆಟ್ಟೂ ಆಯಿತು. ಎಂದಿನ ಹಾಗೆ ನಂಬರು ಬರುವವರೆಗೆ ಕಟ್ಟೆಯ ಮೇಲೆ ಕುಳಿತು ಮಾತಿನಲ್ಲೇ ಮನೆ ಕಟ್ಟಿಸಿದೆ. ಈ ಸಲದ್ದಕ್ಕೆ ಮಾಳಿಗೆ ಇತ್ತು, ನಿನಗೆಂದು ನಲ್ಲಿ ನೀರಿನ ಅಡುಗೆಮನೆ ಇತ್ತು. ನಂಬರು ಬರಲಿಲ್ಲ. ತಿಂಗಳ ಮೂರನೆಯ ವಾರಕ್ಕೆ ಜೋಳದ ಡಬ್ಬಿ ತಳ ಕಂಡಿತು. ಅವ್ವ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಬೈದಿದ್ದರೆ ವಾಸಿಯಿತ್ತು. ಊರಿಗೆಲ್ಲ ಹಂಚು ಮಾಡುವ ನನ್ನ ಮನೆಯ ಮಾಡು ಅಡುಗೆಮನೆಯ ಮೂಲೆಯಲ್ಲಿ ಸೋರುತ್ತಿದೆ. ಅದರ ಕೆಳಗೆ ನೀನು ಯಾವಾಗಲೂ ಒಂದು ಬೋಗುಣಿ ಇಡುತ್ತಿದ್ದೆ ಎಂಬುದು ಆ ಬೋಗುಣಿಯನ್ನು ನಾನೇ ಇಟ್ಟಾಗ ನೆನಪಾಯಿತು.

ಒಂದು ಮಾತ್ರ ಬಗೆಹರಿಯಲಿಲ್ಲ. ನೀನು ಬರೆದ ಹಾಗೆ ದಿನಾ ರಾತ್ರಿ ಎರಡು ವಾಟಗ ಅಕ್ಕಿಯೇ ಹಾಕುತ್ತಿದ್ದೇನೆ. ನಾಲ್ಕು ಮಂದಿಗೆ ಹಾಕುತ್ತಿದ್ದಷ್ಟೇ. ಈಗ ನಾವು ಮೂವರು. ಒಬ್ಬರ ಅನ್ನ ಉಳಿಯಬೇಕಲ್ಲ? ಒಂದಗುಳೂ ಉಳಿಯುವುದಿಲ್ಲ. ‘ನೀ ಹೆಚ್ಗಿ ಉಣ್ಣಾಕತ್ತೀ, ಹೇಂತಿ ಇಲ್ಲದ ಮ್ಯಾಲೆ ಹಸಿವು ಹೆಚ್ಚಾಗೈತಿ’ ಎಂದು ಅವ್ವ ನಗುತ್ತಾಳೆ. ನಾನು ಹೆಚ್ಚು ಉಣ್ಣುತ್ತಿಲ್ಲ, ಮಾಯಾ. ನೀನು ಅಳತೆ ತಪ್ಪಿ ಬರೆದೆಯೇನು?

ಗಜಾನನ


ಖಾನಾಪುರ
29-8-2000

ಮಾಯಾ,

ನಿನ್ನ ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಈಗ ಗೊತ್ತಾಯಿತು.

ಭಾನುವಾರ ಸಂಜೆ ಫಕೀರವ್ವ ಬಾಗಿಲಿಗೆ ಬಂದಳು. ಬಸ್ ಸ್ಟ್ಯಾಂಡಿನ ಹಿಂದೆ ಇಡ್ಲಿ, ಪಡ್ಡು ಮಾರುತ್ತಾಳಲ್ಲ, ಅವಳೇ. ಕೈಯಲ್ಲಿ ಖಾಲಿ ಚೀಲವಿತ್ತು.

‘ಮಾಯಕ್ಕ ಅದಾಳೇನ್ರಿ ಅಣ್ಣಾರ?’

‘ಬೆಳಗಾವಿಗೆ ಹೋಗ್ಯಾಳ. ನರ್ಸ್ ಟ್ರೇನಿಂಗಿಗೆ.’

‘ಹೋದ್ಲಾ! ಚಲೋ ಆತ್ ಬಿಡ್ರಿ. ಹೋಗ್ತೀನಿ ಹೋಗ್ತೀನಿ ಅಂತಿದ್ಲು. ನಾ ಅಕ್ಕಿ ಕೇಳಾಕ ಬಂದಿದ್ದೆ.’

‘ಯಾವ ಅಕ್ಕಿ?’

ಅವಳು ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಹೇಳಬಾರದಿತ್ತು ಎಂದು ಅವಳಿಗೂ ಅನ್ನಿಸಿರಬೇಕು.

‘ತಿಂಗಳಾ ತಿಂಗಳಾ ಕೊಡ್ತಿದ್ಲಲ್ರಿ, ತನ್ನ ಪಾಲಿನ ಅಕ್ಕಿ. ರಾತ್ರಿ ಅಡಗಿ ಮಾಡೂಮುಂದ ತನ್ನ ಪಾಲು ಬ್ಯಾರೆ ತಗದ್ ಇಡ್ತಿದ್ಲು. ಇಡ್ಲಿಗೆ ಆಕ್ಕೈತಿ ಅಂತ ನಾ ಕೊಂಡ್ಕೋತಿದ್ದೆ. ಎಷ್ಟ್ ಸಲ ಬೈದೀನ್ರಿ, ಉಂಡು ಕೂಡ್ಸವ್ವಾ, ಉಪಾಸ ಬಿದ್ದು ಕೂಡ್ಸಬ್ಯಾಡ ಅಂತ. ಕೇಳಬೇಕಲ್ಲ! ಸಾಲಿಗೆ ಹೋಗೂ ಮಗಳ ಮುಂದ ನಾನೂ ಏನರೆ ಆಗಬೇಕು ಅಂತಿದ್ಲು.’

ಅವಳು ಹೋದ ಮೇಲೆ ಅವ್ವ ಕಂಬಕ್ಕೆ ಒರಗಿ ಕುಳಿತಳು. ‘ಒಂದು ಮನ್ಯಾಗ ಇದ್ದು ನನಗರೆ ತಿಳೀಬಾರದಾ ಯಪ್ಪಾ’ ಎಂದಳು. ಅಂದು ಒಲೆ ಹಚ್ಚಿದ್ದು ರೂಪಾಲಿ.

ನೀನು ರಾತ್ರಿ ಉಣ್ಣುವುದನ್ನು ಯಾವಾಗ ನೋಡಿದ್ದೆ ಎಂದು ನೆನಪು ಮಾಡಿಕೊಳ್ಳಲು ಕುಳಿತೆ. ನೀನು ಬಡಿಸುತ್ತಿದ್ದದ್ದು ನೆನಪಾಯಿತು. ಕೈಗೆ ನೀರು ಕೊಟ್ಟದ್ದು, ಭಾಂಡೆ ತಿಕ್ಕುತ್ತಿದ್ದದ್ದು ನೆನಪಾಯಿತು. ನೀನು ತಾಟಿನ ಮುಂದೆ ಕುಳಿತದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ. ನಾನು ಉಂಡು ಎದ್ದು ಕಟ್ಟೆಗೆ ಹೋಗಿಬಿಡುತ್ತಿದ್ದೆ, ಮಾಳಿಗೆ ಮನೆ ಕಟ್ಟಿಸಲು.

ನನ್ನ ಮನೆಯೊಳಗೆ ನನಗೆ ಸುಳಿವಿಲ್ಲದೆ ದುಡ್ಡು ಬೆಳೆಯಿತು ಎಂದು ಸಿಟ್ಟು ಮಾಡಿದ್ದೆ. ಫಕೀರವ್ವನಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ?

ಗಜಾನನ


ನೆಹರು ನಗರ, ಬೆಳಗಾವಿ
17-9-2000

ನಿಮಗೆ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ದಿಂಬಿನ ಕೆಳಗಿಟ್ಟು ಮಲಗಿದೆ. ಬರೆಯಲು ಕುಳಿತಾಗಲೆಲ್ಲ ಪೆನ್ನು ತೆಗೆಯುವುದು, ಮುಚ್ಚುವುದು. ಕೊನೆಗೆ ನಾಗರತ್ನಾ, ‘ಮಾಯಕ್ಕಾ, ಜಗಳ ಆಡೂದಿದ್ರ ಆಡಿಬಿಡ್ರಿ, ಇಲ್ಲಾಂದ್ರ ಅತ್ತುಬಿಡ್ರಿ. ಹಿಂಗ ಕುಂತ್ರ ನನಗ ಓದಾಕ ಆಗವಲ್ದು’ ಎಂದಳು.

ಮೊದಲು ಇದನ್ನು ಕೇಳಿ: ನನ್ನನ್ನು ದೇವಿ ಮಾಡಬೇಡಿ. ನಾನು ಉಪವಾಸ ಸಾಯುತ್ತಿರಲಿಲ್ಲ. ಬೆಳಿಗ್ಗೆಯ ರೊಟ್ಟಿಯ ತುಂಡು ಇರುತ್ತಿತ್ತು, ಮಜ್ಜಿಗೆ ಇರುತ್ತಿತ್ತು. ಕೆಲವು ರಾತ್ರಿ ಹಸಿವಾಗುತ್ತಿತ್ತು, ಹೌದು. ಆಗ ಗೋಡೆಯ ಕಡೆ ಮುಖ ಮಾಡಿ ಮಲಗಿ, ಒಂದು ಬಿಳಿ ಹಾಸಿಗೆ, ಅದರ ಬಾಜು ಕಿಟಕಿ, ಕಿಟಕಿಯ ಹೊರಗೆ ನನಗೆ ಗೊತ್ತಿಲ್ಲದ ಒಂದು ಮರ ಇವನ್ನು ಕಾಣುತ್ತಿದ್ದೆ. ನೀವು ಕಟ್ಟೆಯ ಮೇಲೆ ಕುಳಿತು ಮನೆ ಕಟ್ಟಿಸುವ ಹೊತ್ತಿಗೆ ನಾನೂ ಒಳಗೆ ಮಲಗಿ ಹೀಗೆಯೇ ಕಟ್ಟುತ್ತಿದ್ದೆ. ನಿಮ್ಮದು ಗಟ್ಟಿಯಾಗಿ, ಹತ್ತು ಮಂದಿಗೆ ಕೇಳುವ ಹಾಗೆ. ನನ್ನದು ಒಂದು ಹಿಡಿ ಅಕ್ಕಿಯಷ್ಟು, ಮೆಲ್ಲಗೆ. ಅಕ್ಕಿ ಮಡಕೆಗೆ ಬೀಳುವ ಸದ್ದು ಕೇಳಿದರೆ ನನಗೆ ಖುಷಿಯಾಗುತ್ತಿತ್ತು. ಖರೇ ಹೇಳುತ್ತೇನೆ, ಅಷ್ಟು ಖುಷಿ ನನಗೆ ಬೇರೆ ಯಾವುದರಿಂದಲೂ ಆಗುತ್ತಿರಲಿಲ್ಲ.

ನಿಮಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀವು ಬೇಡ ಎನ್ನುತ್ತಿರಲಿಲ್ಲ. ಅದೇ ಭಯ. ‘ಭಾಳ ಚಲೋ ಆತು’ ಎಂದು ಎದ್ದು ಹೋಗಿ ಆ ದುಡ್ಡಿನಲ್ಲೇ ಕಟ್ಟೆಯವರಿಗೆಲ್ಲ ಚಹಾ ಕುಡಿಸುತ್ತಿದ್ದಿರಿ. ನಿಮ್ಮ ಕೈ ದೊಡ್ಡದು. ಅದನ್ನು ನೋಡಿಯೇ ನಮ್ಮಪ್ಪ ನನ್ನನ್ನು ನಿಮಗೆ ಕೊಟ್ಟದ್ದು. ದೊಡ್ಡ ಕೈಯಲ್ಲಿ ಸಣ್ಣ ಕಾಳು ನಿಲ್ಲುವುದಿಲ್ಲ ಎಂದು ಬಚ್ಚಿಟ್ಟೆ. ಬಚ್ಚಿಟ್ಟದ್ದು ತಪ್ಪೋ ಸರಿಯೋ, ನನಗೂ ತಿಳಿದಿಲ್ಲ.

ಈ ತಿಂಗಳಿಂದ ಸ್ವಲ್ಪ ಸ್ಟೈಪೆಂಡ್ ಕೊಡುತ್ತಿದ್ದಾರೆ. ಮೊದಲ ಸಲ ನನ್ನ ಹೆಸರಿನ ದುಡ್ಡು. ನಾಗರತ್ನಾ ಖಡೇಬಜಾರಿಗೆ ಕರೆದುಕೊಂಡು ಹೋದಳು. ಬೀದಿಯ ತುಂಬ ದೀಪ, ಸೀರೆ, ಬಳೆ. ಅಂಗಡಿಯವನು ಕುಂದಾದ ಒಂದು ಚೂರು ಅಂಗೈಯ ಮೇಲಿಟ್ಟ, ರುಚಿ ನೋಡಲೆಂದು. ತಿಂದು, ಏನೂ ಕೊಳ್ಳದೆ ಬಂದುಬಿಟ್ಟೆ. ನನಗೆ ಏನು ಬೇಕು ಎಂದು ಯಾರೋ ಕೇಳಿದ ಹಾಗಾಗಿತ್ತು, ಉತ್ತರ ಗೊತ್ತಿರಲಿಲ್ಲ.

ಮಾಯಾ


ಖಾನಾಪುರ
10-10-2000

ಪ್ರೀತಿಯ ಮಾಯಾ,

ನಿನ್ನ ಪತ್ರವನ್ನು ಕಾರ್ಖಾನೆಯ ಭಟ್ಟಿಯ ಹಿಂದೆ ಒಬ್ಬನೇ ಕುಳಿತು ಓದಿದೆ. ಅವ್ವನಿಗೆ ಓದಿ ಹೇಳುವಾಗ ಕಟ್ಟೆಯ ಚಹಾದ ಭಾಗ ಬಿಟ್ಟೆ. ಅವಳಿಗೆ ಗೊತ್ತಾಯಿತು. ‘ಏನೋ ನುಂಗಿದಿ’ ಎಂದಳು. ಮತ್ತೆ ಓದಿದೆ. ‘ಬರೋಬರಿ ಬರದಾಳ’ ಎಂದಳು.

ಮಳೆ ನಿಂತಿದೆ, ಪೂರ್ತಿ ಕೆಲಸ ಬಂದಿದೆ. ಈ ತಿಂಗಳು ಜೋಳ, ಬೇಳೆ, ಎಣ್ಣೆ ಎಲ್ಲ ಮೊದಲ ದಿನವೇ ತಂದೆ. ಕಟ್ಟೆಯ ದಾರಿ ಬಿಟ್ಟು ಹೊಳೆಯ ದಾರಿ ಹಿಡಿದು ಮನೆಗೆ ಬಂದೆ, ಅಷ್ಟೇ ಉಪಾಯ. ಮಾಯಪ್ಪ ಕೇಳಿದ, ‘ಯಾಕೋ ಗಜಾ, ಸಿಟ್ಟಾಗೀ ಏನು?’ ನಾನು ಹೇಳಿದೆ, ‘ಸಿಟ್ಟಿಲ್ಲೋ. ಮನ್ಯಾಗ ಅಡಗಿ ಮಾಡೂದೈತಿ.’ ಎಲ್ಲರೂ ನಕ್ಕರು. ಶನಿವಾರ ಟಿಕೆಟ್ ಅಂಗಡಿಯ ಮುಂದೆ ಕಾಲು ತಾನಾಗಿಯೇ ನಿಂತಿತು. ಮುಂದೆ ಹೋದೆ. ಆ ವಾರವೆಲ್ಲ ಏನೋ ಕಳೆದುಕೊಂಡ ಹಾಗಿತ್ತು, ಮನೆ ಕಟ್ಟಲು ಜಾಗವೇ ಇಲ್ಲದ ಹಾಗೆ. ಸುಳ್ಳು ಯಾಕೆ ಹೇಳಲಿ, ಇನ್ನೂ ಹಾಗೇ ಇದೆ.

ನಿನ್ನೆ ಮೂರು ವಾಟಗ ಅಕ್ಕಿ ಹಾಕಿದೆ. ಒಬ್ಬರ ಅನ್ನ ಉಳಿಯಿತು. ‘ಇದು ಮಾಯಾಂದು’ ಎಂದು ಅವ್ವ ಬುಟ್ಟಿ ಮುಚ್ಚಿಟ್ಟಳು. ಬೆಳಿಗ್ಗೆ ಅದಕ್ಕೆ ಒಗ್ಗರಣೆ ಹಾಕಿ ರೂಪಾಲಿ, ನಾನು ಹಂಚಿಕೊಂಡು ತಿಂದೆವು. ಒಬ್ಬರ ಪಾಲು ಎಂದರೆ ಅಷ್ಟು ಅನ್ನ ಇರುತ್ತದೆ ಎಂದು ಗೊತ್ತಿರಲಿಲ್ಲ.

ದೀಪಾವಳಿಗೆ ಎರಡು ದಿನ ಬಿಡುತ್ತಾರಂತಲ್ಲ. ಬಾ.

ಗಜಾನನ


ನೆಹರು ನಗರ, ಬೆಳಗಾವಿ
5-11-2000

ನಿಮಗೆ,

ಬಂದು ಸೇರಿದೆ. ಅತ್ತೆಯವರು ಕಟ್ಟಿಕೊಟ್ಟ ಕರ್ಚಿಕಾಯಿಯನ್ನು ಹಾಸ್ಟೆಲಿನವರೆಲ್ಲ ಒಂದೇ ಸಂಜೆಗೆ ಮುಗಿಸಿದರು.

ಅಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಪತ್ರದಲ್ಲಿ ಇಷ್ಟೆಲ್ಲ ಬರೆದವರು ಎದುರಿಗೆ ಬಂದಾಗ ನಾಚಿಕೆಯಾಯಿತೇನೋ. ಆದರೆ ರಾತ್ರಿ ನೀವು ನನ್ನ ತಾಟನ್ನೂ ಹಾಕಿದಿರಿ, ಅತ್ತೆಯವರು ಬಡಿಸಲು ನಿಂತರಲ್ಲ, ಆಗ ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತ್ತು. ‘ಕುಂದರ್ ಮಾಯಾ. ನಾ ನೋಡಬೇಕು ನೀ ಉಣ್ಣೂದು’ ಎಂದರು. ಅವರು ನೋಡುತ್ತಿದ್ದರು, ನೀವು ನೋಡುತ್ತಿರಲಿಲ್ಲ. ನೀವು ನೋಡದಿದ್ದದ್ದರಿಂದಲೇ ನನಗೆ ಉಣ್ಣಲು ಆಯಿತು.

ಅಡುಗೆಮನೆಯ ಮೂಲೆ ಸೋರುವುದನ್ನು ಸರಿ ಮಾಡಿದ್ದೀರಿ, ಕಂಡೆ. ಅಲ್ಲಿಯೇ ಹೇಳಬೇಕಿತ್ತು, ಹೇಳಲಿಲ್ಲ.

ಇಲ್ಲಿ ಡಿಸೆಂಬರಿನಲ್ಲಿ ಎಲ್ಲರೂ ಗೋವಾಕ್ಕೆ ಹೋಗುವವರಿದ್ದಾರೆ. ಒಂದೇ ದಿನ, ಬೆಳಿಗ್ಗೆ ಹೋಗಿ ರಾತ್ರಿ ಬರುವುದು. ನಾಗರತ್ನಾ ಈಗಲೇ ಚಪ್ಪಲಿ ಕೊಂಡಿದ್ದಾಳೆ. ನಾನು ಆ ದಿನ ಡ್ಯೂಟಿ ತೆಗೆದುಕೊಳ್ಳುತ್ತೇನೆ ಎಂದು ಹೇಳಿದ್ದೇನೆ. ಸ್ಟೈಪೆಂಡಿನಲ್ಲಿ ಮುಂದಿನ ಕಂತಿನ ಫೀಸು ಕಟ್ಟಬೇಕು. ಅಲ್ಲದೆ ನೀರು ನೋಡಲು ಅಷ್ಟು ದೂರ ಯಾಕೆ, ನಮ್ಮಲ್ಲಿ ಮಲಪ್ರಭೆ ಇಲ್ಲವೇ?

ರೂಪಾಲಿಗೆ ಚಳಿಗೆ ಕಿವಿ ಮುಚ್ಚಲು ಹೇಳಿ.

ಮಾಯಾ


(ಮನಿಆರ್ಡರ್ ಕೂಪನ್ನಿನ ಮೇಲೆ)

ಖಾನಾಪುರ
18-11-2000

ಮಾಯಾ, ಇದು ಗೋವಾಕ್ಕೆ. ಫೀಸಿಗಲ್ಲ. ನಮಗೆಂದು ಏನೂ ತರಬೇಡ. ಉಳಿಸಿಕೊಂಡು ಬಂದರೆ ಅವ್ವ ಬೈಯುತ್ತಾಳೆ. ಗಜಾನನ.


ನೆಹರು ನಗರ, ಬೆಳಗಾವಿ
26-11-2000

ನಿಮಗೆ,

ಪೋಸ್ಟ್‌ಮನ್ ಕೈಗೆ ದುಡ್ಡಿಟ್ಟಾಗ ಖುಷಿಗಿಂತ ಮೊದಲು ಹೆದರಿಕೆಯಾಯಿತು.

ಇದು ಎಲ್ಲಿಂದ ಬಂತು? ಜುಲೈ ತಿಂಗಳಲ್ಲಿ ನೀವು ಕೇಳಿದ್ದನ್ನೇ ಈಗ ನಾನು ಕೇಳುತ್ತಿದ್ದೇನೆ. ನಿಮ್ಮ ಪಗಾರ ನನಗೆ ಗೊತ್ತು, ಮನೆಯ ಖರ್ಚು ನನಗೆ ಗೊತ್ತು. ಅದರ ನಡುವೆ ಇಷ್ಟು ಉಳಿಯುವುದಿಲ್ಲ. ಉಳಿಯದ ಕಡೆ ಉಳಿಸುವುದು ಹೇಗೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದೀಪಾವಳಿಯಲ್ಲಿ ನಿಮ್ಮ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ರಾತ್ರಿ ಊಟ ಬಿಟ್ಟಿದ್ದೀರಾ? ನಿಜ ಹೇಳಿ. ಊಟ ಬಿಟ್ಟು ಕಳಿಸಿದ ದುಡ್ಡಾದರೆ ನಾನು ಇದನ್ನು ಮುಟ್ಟುವುದಿಲ್ಲ, ಹಾಗೇ ತಿರುಗಿ ಕಳಿಸುತ್ತೇನೆ.

ಈಗ ತಿಳಿಯಿತು ನನಗೆ, ಆವತ್ತು ಫಕೀರವ್ವ ಹೋದ ಮೇಲೆ ನಿಮಗೆ ಹೇಗಾಗಿರಬಹುದು ಎಂದು.

ಗೋವಾಕ್ಕೆ ಹೆಸರು ಕೊಡಲು ಇನ್ನೂ ಸಮಯವಿದೆ. ನಿಮ್ಮ ಉತ್ತರ ಬರುವವರೆಗೆ ಕೊಡುವುದಿಲ್ಲ.

ಮಾಯಾ


ಖಾನಾಪುರ
3-12-2000

ಪ್ರೀತಿಯ ಮಾಯಾ,

ಅವ್ವನ ಮೇಲೆ ಆಣೆ, ನನ್ನ ತಾಟಿನಿಂದ ತೆಗೆದದ್ದಲ್ಲ. ಅವಳು ಈಗ ಎದುರಿಗೇ ಕುಳಿತಿದ್ದಾಳೆ. ‘ನನ್ನ ಮ್ಯಾಲ ಯಾಕ ಆಣಿ, ನಿನ್ನ ಮ್ಯಾಲ ಹಾಕ್ಕೋ’ ಎನ್ನುತ್ತಿದ್ದಾಳೆ. ಎರಡು ಹೊತ್ತೂ ಉಣ್ಣುತ್ತಿದ್ದೇನೆ, ಮೂವರೂ ಒಟ್ಟಿಗೆ ಕುಳಿತು.

ಭಾನುವಾರಗಳಲ್ಲಿ ಊರವರ ಮನೆಯ ಹಂಚು ತಿರುವಲು ಹೋಗುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ಎಲ್ಲರ ಮಾಡಿನಲ್ಲೂ ನಾಲ್ಕು ಹಂಚು ಒಡೆದಿರುತ್ತವೆ, ಹಾವಸೆ ಕಟ್ಟಿರುತ್ತದೆ. ನಮ್ಮ ಅಡುಗೆಮನೆಯ ಮೂಲೆ ಸರಿ ಮಾಡಲು ಏರಿದ್ದೆ. ಮಾಯಪ್ಪ ಕೆಳಗೆ ನಿಂತು ನೋಡಿ, ‘ನಮ್ಮದೂ ಹಂಗ ಮಾಡಿಕೊಡು, ರೊಕ್ಕಾ ಕೊಡ್ತೀನಿ’ ಎಂದ. ನಾನು ಸ್ನೇಹಕ್ಕೆ ಸುಮ್ಮನೆ ಮಾಡಿಕೊಡುವವನಿದ್ದೆ. ಅವ್ವ ಒಳಗಿನಿಂದಲೇ, ‘ರೊಕ್ಕಾ ತಗೋ’ ಎಂದಳು. ತೆಗೆದುಕೊಂಡೆ. ಆಮೇಲೆ ಫಕೀರವ್ವನ ಮನೆ, ಹೊಳೆ ಓಣಿಯ ಎರಡು ಮನೆ. ಬಂದದ್ದನ್ನು ಅವ್ವನೇ ಸೆರಗಿಗೆ ಗಂಟು ಹಾಕಿಡುತ್ತಿದ್ದಳು. ನನ್ನ ಕೈ ದೊಡ್ಡದು ಎಂದು ನೀನೇ ಬರೆದಿದ್ದೆಯಲ್ಲ. ಎಲುಬು ಕಂಡದ್ದು ಮಾಡು ಏರಿ ಇಳಿದು.

ಒಂದು ಹೇಳಲೇ? ಬೆಳಿಗ್ಗೆ ಮಾಡಿನ ಮೇಲೆ ಕುಳಿತರೆ ಇಡೀ ಊರು ಮಂಜಿನಲ್ಲಿ ಮುಳುಗಿರುತ್ತದೆ. ಹಂಚುಗಳು ಮಾತ್ರ ಮೇಲೆ ತೇಲುತ್ತಿರುತ್ತವೆ, ಕೆಂಪು ದೋಣಿಗಳ ಹಾಗೆ. ಅದರಲ್ಲಿ ನನ್ನ ಕೈಯ ಹಂಚು ಯಾವುದು ಎಂದು ಹುಡುಕುತ್ತೇನೆ. ಕಟ್ಟೆಯ ಮೇಲೆ ಕುಳಿತು ಇಷ್ಟು ವರ್ಷ ಮಾಳಿಗೆ ಮನೆ ಕಟ್ಟಿದೆ, ಇಷ್ಟು ಚಂದದ್ದು ಒಂದೂ ಕಟ್ಟಿರಲಿಲ್ಲ.

ಹೆಸರು ಕೊಡು. ಹೋಗಿ ಬಾ.

ನಿನ್ನ ಗಜಾನನ


ನೆಹರು ನಗರ, ಬೆಳಗಾವಿ
24-12-2000

ಪ್ರೀತಿಯ ನಿಮಗೆ,

ಹೋಗಿ ಬಂದೆ.

ಬಸ್ಸು ಖಾನಾಪುರದ ಮೇಲೆಯೇ ಹೋಯಿತು. ಇನ್ನೂ ನಸುಕು. ಉಳಿದವರೆಲ್ಲ ಹಾಡು ಹೇಳಿ ದಣಿದು ತೂಕಡಿಸುತ್ತಿದ್ದರು. ನಾನು ಗಾಜು ಒರೆಸಿ ನೋಡುತ್ತಿದ್ದೆ. ನಮ್ಮ ಓಣಿಯ ತಿರುವು ಬಂತು, ಬೇವಿನ ಮರ ಬಂತು, ಅದರ ಹಿಂದೆ ನಮ್ಮ ಮಾಡು. ಹಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಒಳಗೆ ಯಾರೋ ಒಲೆ ಹೊತ್ತಿಸಿದ್ದರು, ಅದು ನಾನಲ್ಲ. ನನ್ನ ಮನೆ ನಾನಿಲ್ಲದೆ ಬೆಚ್ಚಗಿದೆ, ನಾನು ಅದರ ಮುಂದೆಯೇ ಹಾದು ಎಲ್ಲಿಗೋ ಹೋಗುತ್ತಿದ್ದೇನೆ. ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ಬಸ್ಸು ಹೊಳೆ ದಾಟಿ ಕಾಡಿನೊಳಗೆ ಹೋಯಿತು.

ಸಮುದ್ರದ ಬಗ್ಗೆ ಏನು ಬರೆಯಲಿ? ಮೊದಲು ಸದ್ದು ಕೇಳಿತು, ದೂರದಲ್ಲಿ ಯಾರೋ ದೊಡ್ಡ ಮೊರದಲ್ಲಿ ಭತ್ತ ಕೇರುತ್ತಿರುವ ಹಾಗೆ. ಆಮೇಲೆ ತೆಂಗಿನ ಮರಗಳ ನಡುವೆ ಕಂಡಿತು. ನಾಗರತ್ನಾ ಹೊಸ ಚಪ್ಪಲಿ ಬಿಸಾಡಿ ಓಡಿದಳು. ನಾನು ಮರಳಿನ ಮೇಲೆ ಕುಳಿತುಬಿಟ್ಟೆ. ನೀರು ಬಂದು ಕಾಲು ಮುಟ್ಟುವುದು, ಕಾಲ ಕೆಳಗಿನ ಮರಳು ಎಳೆದುಕೊಂಡು ಹೋಗುವುದು, ಮತ್ತೆ ಬರುವುದು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ. ಒಮ್ಮೆಲೆ ಅರಿವಾಯಿತು, ಅಷ್ಟೂ ಹೊತ್ತು ನಾನು ಯಾವುದರ ಬೆಲೆಯನ್ನೂ ಯೋಚಿಸಿರಲಿಲ್ಲ. ಎಣ್ಣೆ ಇಲ್ಲ, ಬೇಳೆ ಇಲ್ಲ, ಫೀಸು ಇಲ್ಲ. ಮದುವೆಯಾದಾಗಿನಿಂದ ಹಾಗೆ ಕುಳಿತದ್ದು ಅದೇ ಮೊದಲು. ಅಳು ಬಂತು. ಮುಖಕ್ಕೆ ಉಪ್ಪುನೀರು ಸಿಡಿಯುತ್ತಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಎಲ್ಲರ ಜೊತೆ ಕುಳಿತು ಮೀನಿನ ಊಟ ಮಾಡಿದೆ. ಎರಡನೆಯ ಸಲ ಬಡಿಸಿಕೊಂಡೆ. ನೀವು ಹೇಳಿದ ಹಾಗೆ ಏನೂ ತಂದಿಲ್ಲ, ಏನೂ ಉಳಿಸಿಯೂ ಇಲ್ಲ.

ತಿರುಗಿ ಬರುವಾಗ ಕತ್ತಲಾಗಿತ್ತು, ಘಟ್ಟದಲ್ಲಿ ಬಸ್ಸು ಮೆಲ್ಲಗೆ ಏರುತ್ತಿತ್ತು. ನನ್ನ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ? ಅತ್ತೆಯವರಿಗೆ ಕಿಟಕಿಯ ಸೀಟು ಬೇಕು. ರೂಪಾಲಿಗೆ ಅರ್ಧ ಟಿಕೆಟ್ಟೇ ಸಾಕು, ಹನ್ನೆರಡು ತುಂಬುವುದರೊಳಗೆ ಹೋದರೆ. ಖಾನಾಪುರದಿಂದಲೇ ಹತ್ತಿದರೆ ಚಾರ್ಜು ಇನ್ನೂ ಕಡಿಮೆ. ನೀವು ಮರಳಿನ ಮೇಲೆ ಕುಳಿತು ಮನೆ ಕಟ್ಟಬಹುದು, ಅಲ್ಲಿ ಜಾಗ ಬಹಳ ಇದೆ. ಮೇ ತಿಂಗಳಲ್ಲಿ ನನ್ನ ತರಬೇತಿ ಮುಗಿಯುತ್ತದೆ, ಮಳೆ ಬೀಳುವ ಮೊದಲು ಹೋಗಿ ಬರಬಹುದು.

ನಾಳೆಯಿಂದ ಸ್ವಲ್ಪ ಸ್ವಲ್ಪ ಕೂಡಿಸಲು ಶುರು ಮಾಡುತ್ತೇನೆ. ಮೂರೂ ಹೊತ್ತು ಉಂಡು. ನೀವೂ ಅಲ್ಲಿ ಶುರು ಮಾಡಿ.

ನೋಡಿ, ಈ ಸಲ ಮೊದಲೇ ಹೇಳಿದ್ದೇನೆ.

ನಿಮ್ಮ ಮಾಯಾ